ಸಣ್ಣಕ್ಷರದ ಪುಟ್ಟಿ

ಮಗಳು ಸತ್ತ ಮೇಲೆ ಮಡಿಕೆಯಕ್ಕ ಇಂಗ್ಲಿಷ್ ಕಲಿಯಲು ಕೂತಳು.

ನಗುವವರು ನಕ್ಕರು. "ಹಲ್ಲು ಉದುರೋ ಕಾಲಕ್ಕೆ ಎಬಿಸಿಡಿ," ಎಂದರು. ಅವಳ ಪಾಡಿಗೆ ಅವಳು ಪಾಳಿ ಮುಗಿಸಿ, ಸೆಟೆದ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿ, ಕಾರ್ಮಿಕರ ಸಂಘದ ಕೋಣೆಗೆ ಬಂದು ಬೆಂಚಿನ ತುದಿಗೆ ಕೂರುತ್ತಿದ್ದಳು. ಲಾಂಡ್ರಿ ಕಾರ್ಖಾನೆಯಲ್ಲಿ ಅವಳದು ಹಾಸುಬಟ್ಟೆ ಮಡಚುವ ಕೆಲಸ. ಹೋಟೆಲುಗಳಲ್ಲಿ ಯಾರೋ ಮಲಗೆದ್ದ, ಆಸ್ಪತ್ರೆಗಳಲ್ಲಿ ಯಾರೋ ನರಳಿದ ಹಾಸುಗಳೆಲ್ಲ ಒಗೆಸಿಕೊಂಡು, ಬಿಸಿ ರೋಲರಿನ ಬಾಯಿಗೆ ಬಿದ್ದು, ಗರಿಗರಿಯಾಗಿ ಈಚೆ ಬಂದಾಗ ಹಿಡಿದು ಮಡಚುವವಳು ಅವಳು. ಅವಳ ಕೈಯಲ್ಲಿ ಮಡಿಕೆ ತಪ್ಪಿದ್ದನ್ನು ಯಾರೂ ಕಂಡಿಲ್ಲ. ಅದಕ್ಕೇ ಆ ಹೆಸರು.

ರೋಲರಿನ ಆಚೆ ಬದಿ ನಿಂತು ಒದ್ದೆ ಹಾಸನ್ನು ಒಳಕ್ಕೆ ಬಿಡುತ್ತಿದ್ದವಳು ಅವಳ ಮಗಳು ಪುಟ್ಟಿ. ತಾಯಿ ಈಚೆ, ಮಗಳು ಆಚೆ, ನಡುವೆ ಕಾದ ಉಕ್ಕು. ಯಂತ್ರದ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಆದರೂ ಹಾಸಿನ ಅಂಚು ಒಂಚೂರು ಓರೆಯಾಗಿ ಬಂದರೆ, ಆಚೆ ಮಗಳು ಆಕಳಿಸಿದಳು ಎಂದು ತಾಯಿಗೆ ತಿಳಿಯುತ್ತಿತ್ತು.

ಒಂದು ದಿನ ಹಾಸು ಬರಲೇ ಇಲ್ಲ. ಒಳಗೇ ಸುತ್ತಿಕೊಂಡಿತ್ತು. ಏನಾಯಿತೆಂದು ನೋಡಲು ತಾಯಿ ಯಂತ್ರ ಸುತ್ತುಹಾಕಿ ಆಚೆ ಬದಿಗೆ ಬಂದಳು. ಕೈಗೆ ಅಡ್ಡ ಇರಬೇಕಾಗಿದ್ದ ಕಬ್ಬಿಣದ ಜಾಲರಿಯನ್ನು, ಕೆಲಸ ನಿಧಾನವಾಗುತ್ತದೆಂದು ಮೇಸ್ತ್ರಿ ಎಂದೋ ಬಿಚ್ಚಿಸಿ ಮೂಲೆಗೆ ಒರಗಿಸಿದ್ದ.

"ಮಿಷನ್ ನಿಲ್ಲಿಸಿ ಸರ್," ಎಂದಳು ಪುಟ್ಟಿ.

"ನಿಲ್ಲಿಸಿದ್ರೆ ಕಾವು ಆರುತ್ತೆ. ಮತ್ತೆ ನಿಮ್ಮಪ್ಪ ಬಂದು ಕಾಯಿಸ್ತಾನಾ? ಕೈ ಹಾಕು, ಎಳಿ," ಎಂದು ಮೇಸ್ತ್ರಿ ಕೂಗಿದ.

ಪುಟ್ಟಿ ಕೈ ಹಾಕಿದಳು.

ಮುಂದಿನದನ್ನು ಬರೆಯುವುದಿಲ್ಲ. ಅದನ್ನು ಕಂಡವಳು ಒಬ್ಬಳಿದ್ದಾಳೆ, ಸಾಕು.

ವಿಚಾರಣೆ ನಡೆಯಿತು. ವಿಚಾರಣೆಗೆ ಬಂದ ಸಾಹೇಬರಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಾರದು. ದುಭಾಷಿಯಾಗಿ ಕೂತವನು ಕಾರ್ಖಾನೆಯ ಗುಮಾಸ್ತನೇ. "ಕೈ ಹಾಕು ಅಂದ" ಎಂದು ತಾಯಿ ಹೇಳಿದ್ದು ಅವನ ಬಾಯಿ ದಾಟುವಷ್ಟರಲ್ಲಿ "ಕೈ ಹಾಕಿದಳು" ಎಂದಾಗಿತ್ತು. 'ಅಂದ' ಎಂಬ ಎರಡಕ್ಷರ ನಡುದಾರಿಯಲ್ಲಿ ಬಿದ್ದುಹೋಗಿತ್ತು. ಕೊಲೆ ಇದ್ದದ್ದು ಆ ಎರಡಕ್ಷರದಲ್ಲೇ. ಸಂಘದವರು ಬಾಗಿಲಿಗೆ ಅಡ್ಡ ಕೂತು ಕೂಗಾಡಿದ ಮೇಲೆ ಸಾಹೇಬರು ಒಂದು ಮಾತಿಗೆ ಒಪ್ಪಿದರು: ಸಾಕ್ಷಿ ತನ್ನ ಕೈಯಾರೆ ಇಂಗ್ಲಿಷಿನಲ್ಲಿ ಬರೆದು ಕೊಡಲಿ, ಬೇರೆಯವರ ಬಾಯಿಯೂ ಬೇಡ, ಬೇರೆಯವರ ಕೈಬರಹವೂ ಬೇಡ, ಬೇಸಿಗೆ ಮುಗಿಯುವವರೆಗೆ ಕಾಯುತ್ತೇನೆ.

ಅದೊಂದು ಉಪಕಾರ ಎಂಬಂತೆ ಹೇಳಿದರು. ಹಾಸು ಮಡಚುವವಳು ನ್ಯಾಯ ಕೇಳಬೇಕಾದರೆ ಮೊದಲು ಸಾಹೇಬರ ಭಾಷೆ ಕಲಿತು ಬರಬೇಕು. ಸಾಹೇಬರು ಅವಳ ಭಾಷೆಯ ಒಂದು ಮಾತನ್ನಾದರೂ ಕಲಿಯಬೇಕು ಎಂದು ಯಾವ ಕಾನೂನೂ ಹೇಳಿಲ್ಲ.

ಹಗಲೆಲ್ಲ ಶಾಲೆಯಲ್ಲಿ ಪಾಠ ಹೇಳಿ, ಸಂಜೆ ಸಂಘದ ಕೋಣೆಗೆ ಬರುತ್ತಿದ್ದ ಟೀಚರಮ್ಮ ಅವಳಿಗೆ ಕಲಿಸಿದರು.

"ನಮ್ಮಲ್ಲಿ 'ಅ' ಅಂದ್ರೆ ಒಂದೇ 'ಅ'. ಇಲ್ಲಿ ಹಾಗಲ್ಲ. ಒಂದೊಂದು ಅಕ್ಷರಕ್ಕೂ ದೊಡ್ಡದೊಂದು, ಸಣ್ಣದೊಂದು."

"ಅಪ್ಪ ಮಗ ಇದ್ದ ಹಾಗಾ ಮೇಡಂ?" ಎಂದು ಕೇಳಿದ ಹಾಸು ಸಾಗಿಸುವ ಲಾರಿಯ ಡ್ರೈವರ್.

"ಅಪ್ಪ ಮಗ ಆಗಿದ್ರೆ ಮುಖದಲ್ಲಿ ಹೋಲಿಕೆ ಇರ್ತಿತ್ತು. ದೊಡ್ಡ 'ಜಿ' ನೋಡಿ, ಸಣ್ಣ 'ಜಿ' ನೋಡಿ. ಹೋಲುತ್ತಾ?"

"ಆಗ ಅಪ್ಪ ಬೇರೆ ಯಾರೋ ಬಿಡಿ," ಎಂದ ಡ್ರೈವರ್. ಬೆಂಚುಗಳೆಲ್ಲ ನಕ್ಕವು. ಸಂಘದ ಕಾರ್ಯದರ್ಶಿಯನ್ನು ಎಲ್ಲರೂ ಮೈಕಣ್ಣ ಎನ್ನುತ್ತಿದ್ದರು. ಮೈಕು ಕೈಯಲ್ಲಿ ಇಲ್ಲದಿದ್ದರೂ ಮೈಕಿನಲ್ಲಿ ಮಾತಾಡಿದಂತೆಯೇ ಆಡುವವನು. ಅವನು ಬಾಗಿಲಿಂದಲೇ ಗುಡುಗಿದ: "ದೊಡ್ಡಕ್ಷರಕ್ಕೆ ಅವ್ರು ಏನಂತಾರೆ ಗೊತ್ತೇನ್ರಪ್ಪಾ? ಕ್ಯಾಪಿಟಲ್! ಕ್ಯಾಪಿಟಲ್ ಅಂದ್ರೆ ಬಂಡವಾಳ! ಬಂಡವಾಳ ಇರೋನು ಮುಂದೆ ಎದೆ ಸೆಟೆಸಿ ನಿಲ್ತಾನೆ, ಮಿಕ್ಕೋರು ಬಾಲದ ಹಾಗೆ ಹಿಂದೆ!"

"ನೀವು ಸ್ವಲ್ಪ ಸಣ್ಣಕ್ಷರದಲ್ಲಿ ಮಾತಾಡಿ, ಕಿವಿ ಹೋಗುತ್ತೆ," ಎಂದರು ಟೀಚರಮ್ಮ.

ಮಡಿಕೆಯಕ್ಕ ನಗಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ವಾಕ್ಯದ ಮೊದಲಿಗೆ ದೊಡ್ಡಕ್ಷರ, ಮನುಷ್ಯರ ಹೆಸರಿಗೆ ದೊಡ್ಡಕ್ಷರ, ಊರಿಗೆ, ವಾರಕ್ಕೆ, ತಿಂಗಳಿಗೆ ದೊಡ್ಡಕ್ಷರ ಎಂದು ಟೀಚರಮ್ಮ ಹೇಳಿದ್ದನ್ನು ಅವಳು ಬಾಯಿಪಾಠ ಮಾಡಿದಳು. ಆದರೆ ಕಾರ್ಖಾನೆಯ ಗೋಡೆಗೆ ಅಂಟಿಸುವ ನೋಟೀಸುಗಳಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಇನ್ನೊಂದು. ಅಲ್ಲಿ ಕಂಪನಿ ಎಂಬ ಮಾತು ಎಲ್ಲೇ ಬರಲಿ, ನಡುವೆ ಬರಲಿ ಕೊನೆಗೆ ಬರಲಿ, ದೊಡ್ಡಕ್ಷರ. ಮ್ಯಾನೇಜ್‌ಮೆಂಟಿಗೆ ದೊಡ್ಡಕ್ಷರ. ಮ್ಯಾನೇಜರಿಗೆ, ಸೂಪರ್‌ವೈಸರಿಗೆ ದೊಡ್ಡಕ್ಷರ. ಕೆಲಸದವರು ಎಂಬ ಮಾತಿಗೆ ಮಾತ್ರ ಎಲ್ಲಿ ನೋಡಿದರೂ ಸಣ್ಣದು.

ಅವಳಿಗೆ ಎಲ್ಲ ಅರ್ಥವಾಯಿತು ಅನ್ನಿಸಿತು. ಇದು ನಮ್ಮ ಬಹುವಚನ! ನಾವು 'ಬಂದ' ಅನ್ನುವುದನ್ನು 'ಬಂದರು' ಎನ್ನುತ್ತೇವೆ, 'ನೀನು' ಅನ್ನುವುದನ್ನು 'ನೀವು' ಎನ್ನುತ್ತೇವೆ. ಇವರು ಮಾತಿನ ಬಾಲ ಬೆಳೆಸುವ ಬದಲು ತಲೆ ದೊಡ್ಡದು ಮಾಡುತ್ತಾರೆ, ಅಷ್ಟೇ.

"ಅದು ಮರ್ಯಾದೆಗಲ್ಲ ಅಕ್ಕ," ಎಂದರು ಟೀಚರಮ್ಮ. "ಬರೀ ನಿಯಮ."

"ನಿಯಮ ಅಂದ್ರೆ ಯಾರು ಮಾಡಿದ್ದು ಮೇಡಂ?"

"ನಾನೂ ನೀವೂ ಹುಟ್ಟೋಕೆ ಮುಂಚೆ ಮಾಡಿದ್ದಾರೆ. ಬರೀರಿ."

ಅವಳು ಬರೆದಳು. ಆದರೆ ನಂಬಿಕೆ ಬದಲಾಗಲಿಲ್ಲ. 'ನಾನು' ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಅಕ್ಷರ, ಅದೂ ಯಾವಾಗಲೂ ದೊಡ್ಡದು. 'ನೀನು' ಮಾತ್ರ ಸಣ್ಣದು ಎಂದು ಗೊತ್ತಾದ ದಿನ ಅವಳು ಪೆನ್ನು ಕೆಳಗಿಟ್ಟಳು.

"ಎದುರಿಗೆ ಕೂತೋರು ಸಣ್ಣೋರು, ನಾನು ದೊಡ್ಡೋಳಾ? ಹೀಗೆ ಬರೆದಿದ್ರೆ ನಮ್ಮಮ್ಮ ಬೆನ್ನು ಮುರೀತಿದ್ಲು."

ಅವಳಿಗೆ ಸಣ್ಣ 'ಐ' ಇಷ್ಟ. ದೊಡ್ಡ 'ಐ' ಒಂದು ಒಣ ಕಂಬ. ಸಣ್ಣದಾದರೆ ಗಿಡ್ಡ ಹುಡುಗಿಯೊಬ್ಬಳು ಚೆಂಡನ್ನು ಮೇಲಕ್ಕೆ ಎಸೆದು, ಅದು ಕೆಳಗೆ ಬೀಳುವುದನ್ನು ಕಾಯುತ್ತ ನಿಂತ ಹಾಗೆ. ಪುಟ್ಟಿಯ ಹೆಸರಿನ ಕೊನೆಗೂ ಅದೇ ಅಕ್ಷರ ಬರುತ್ತದೆ ಎಂದು ಟೀಚರಮ್ಮ ತೋರಿಸಿದಾಗ ಅವಳು ಅದನ್ನು ಪುಟ ತುಂಬ ಬರೆದಳು. ಪುಟ ತುಂಬ ಹುಡುಗಿಯರು, ಪುಟ ತುಂಬ ಚೆಂಡುಗಳು.

ಪುಟ್ಟಿಗೆ ಇನ್ನೊಂದು ಹೆಸರಿತ್ತು. ಅದು ಕಾರ್ಖಾನೆಯ ಹಾಜರಿಗೆ, ಕತ್ತಿಗೆ ಹಾಕಿಕೊಳ್ಳುವ ಗುರುತಿನ ಚೀಟಿಗೆ. ಮನೆಯಲ್ಲಿ, ಬೀದಿಯಲ್ಲಿ, ರೋಲರಿನ ಎರಡೂ ಬದಿಯಲ್ಲಿ ಅವಳು ಪುಟ್ಟಿಯೇ. ಇಪ್ಪತ್ತು ದಾಟಿದ ಮೇಲೂ ಆ ಹೆಸರು ಬದಲಾಗಲಿಲ್ಲ. ಅಪ್ಪ ಗೋಡೆಗಳಿಗೆ ಬಣ್ಣ ಬಳಿಯುವವನು. ಬಣ್ಣಕ್ಕೆ ಮೊದಲು ಗೋಡೆಯ ಬಿರುಕು, ಕುಳಿ ಮುಚ್ಚಲು ಮೆತ್ತುವ ಬಿಳಿ ಲೇಪಕ್ಕೂ ಕೆಲಸದವರ ಬಾಯಲ್ಲಿ ಪುಟ್ಟಿ ಎಂದೇ ಹೆಸರು.

"ನನಗೆ ಇಬ್ರು ಪುಟ್ಟಿ," ಎನ್ನುತ್ತಿದ್ದ ಅವನು. "ಒಬ್ಳು ಡಬ್ಬಿಯಲ್ಲಿ ಸುಮ್ನಿರ್ತಾಳೆ. ಇನ್ನೊಬ್ಳು ನನ್ ತಲೆ ಮೇಲೆ ಕೂತು ಮೆಣಸು ಅರೀತಾಳೆ."

"ಅಪ್ಪಾ, ನಾನೇನು ಗೋಡೆಗೆ ಮೆತ್ತೋದಾ?"

"ಗೋಡೆಗೆ ಯಾಕಮ್ಮ? ನಿಮ್ಮಮ್ಮಂಗೂ ನಂಗೂ ಮಧ್ಯೆ ಬಿಟ್ಟಿರೋ ಬಿರುಕಿಗೆ."

ಅದು ನಗೆಮಾತು. ಆದರೆ ಸುಳ್ಳಲ್ಲ. ಗಂಡಹೆಂಡಿರು ಹಾವು ಮುಂಗುಸಿ. ನಡುವೆ ಇವಳು ಕೂತು ಅಪ್ಪನನ್ನು ಅಣಕಿಸಿ, ಅಮ್ಮನನ್ನು ಅಣಕಿಸಿ, ಇಬ್ಬರನ್ನೂ ನಗಿಸಿ ಅನ್ನಕ್ಕೆ ಕೂರಿಸುತ್ತಿದ್ದಳು. ಈಗ ಆ ಒಂಟಿ ಕೋಣೆಯಲ್ಲಿ ಜಗಳವೂ ಇರಲಿಲ್ಲ. ಜಗಳಕ್ಕೂ ಒಂದು ನಂಬಿಕೆ ಬೇಕು, ಯಾರಾದರೂ ಬಂದು ಬಿಡಿಸುತ್ತಾರೆ ಎಂದು.

ಬೇಸಿಗೆ ಮುಗಿಯುತ್ತ ಬಂತು. ಮಡಿಕೆಯಕ್ಕ ಹೇಳಿಕೆ ಬರೆದಳು. ಅವಳಿಗೆ ಬರುತ್ತಿದ್ದ ಮಾತುಗಳಲ್ಲೇ, ಮುರುಕು ಮುರುಕಾಗಿ. ಟೀಚರಮ್ಮ ಓದಿ, ಮಾತುಗಳನ್ನು ಮುಟ್ಟದೆ, ದೊಡ್ಡಕ್ಷರ ಸಣ್ಣಕ್ಷರಗಳಿಗೆ ಮಾತ್ರ ಕೆಂಪು ಗುರುತು ಹಾಕಿದರು. 'ನಾನು' ಎಂದಲ್ಲೆಲ್ಲ ದೊಡ್ಡದು. ಪುಟ್ಟಿ ಎಂದಲ್ಲೆಲ್ಲ ಮೊದಲಕ್ಷರ ದೊಡ್ಡದು. "ನಿಜವಾದ ಹೆಸರು ಬರೀಬಹುದಿತ್ತು," ಎಂದರು. "ಆ ಹೆಸರು ಬರೆದ್ರೆ ನಂಗೆ ಅವಳು ಕಣ್ಣಿಗೇ ಬರಲ್ಲ ಮೇಡಂ," ಎಂದಳು ತಾಯಿ. ಟೀಚರಮ್ಮ ಒತ್ತಾಯ ಮಾಡಲಿಲ್ಲ. "ಹೋಗ್ಲಿ, ಮೇಲ್ಗಡೆ ಕೇಸಿನ ವಿವರದಲ್ಲಿ ಹೆಸರು ಇದ್ದೇ ಇದೆ. ನಾನು ತಿದ್ದಿದ್ದನ್ನ ನೋಡ್ಕೊಂಡು ನೀಟಾಗಿ ಒಂದು ಪ್ರತಿ ಮಾಡಿ."

ಆ ಪ್ರತಿಯನ್ನು ಅವಳು ಮನೆಯಲ್ಲಿ, ಕಿಟಕಿಯ ಬೆಳಕಿಗೆ ಕೂತು ಮಾಡಿದಳು. ಮೇಸ್ತ್ರಿಗೆ 'ಸರ್' ಎಂದು ದೊಡ್ಡಕ್ಷರ ಹಾಕಿದಳು. ಯಾವ ಸಾಹೇಬರೂ ತನ್ನನ್ನು ಮರ್ಯಾದೆ ಗೊತ್ತಿಲ್ಲದವಳು ಎನ್ನಬಾರದು. ಕಂಪನಿಗೆ ಹಾಕಿದಳು. ರೋಲರಿಗೂ ಹಾಕಿದಳು, ಅದರ ಮೈಮೇಲೆ ಹಾಗೇ ಬರೆದಿತ್ತು. ಆಮೇಲೆ ಪುಟ್ಟಿ ಬಂತು. ಕೆಂಪು ಗುರುತು ನೋಡಿದಳು. ಕೈ ಏಳಲಿಲ್ಲ.

"ಯಾಕೆ ನಿಲ್ಲಿಸಿದ್ದು?" ಎಂದ ಗಂಡ.

"ಇವಳಿಗೂ ದೊಡ್ಡಕ್ಷರ ಹಾಕ್ಬೇಕಂತೆ ರೀ. ಆ ಮೇಸ್ತ್ರಿ, ಆ ಮ್ಯಾನೇಜರ್, ಅವ್ರ ಸಾಲಿಗೆ ಇವಳನ್ನೂ ನಿಲ್ಲಿಸ್ಬೇಕಂತೆ. ಹೊಟ್ಟೇಲಿ ಹುಟ್ಟಿದ ಮಗೂಗೆ ಯಾರಾದ್ರೂ 'ನೀವು' ಅಂತಾರಾ?"

ಅವನು ಬಣ್ಣ ಮೆತ್ತಿದ ಉಗುರುಗಳನ್ನು ನೋಡಿಕೊಂಡ. "ನಿಂಗೆ ತೋಚಿದ ಹಾಗೆ ಬರಿ. ಬರೀತಿರೋಳು ನೀನು ತಾನೇ."

ಅವಳು ಸಣ್ಣಕ್ಷರದಲ್ಲಿ ಬರೆದಳು. ವಾಕ್ಯದ ನಡುವೆ ಬಂದಾಗಲೂ ಸಣ್ಣದು, ವಾಕ್ಯದ ಮೊದಲಿಗೆ ಬಂದಾಗಲೂ ಸಣ್ಣದು. ತನಗೂ ಸಣ್ಣ 'ಐ'. ಇಡೀ ಹಾಳೆಯಲ್ಲಿ ತಾಯಿ ಮಗಳು ಇಬ್ಬರೇ ಸಣ್ಣಕ್ಷರದವರು, ದೊಡ್ಡವರ ಕಾಲ ಸಂದಿಯಲ್ಲಿ ಕೈ ಕೈ ಹಿಡಿದು ನಿಂತ ಹಾಗೆ.

ಬರೆದದ್ದನ್ನು ನಮ್ಮ ಮಾತಿಗೆ ತಂದರೆ ಇಷ್ಟು: ಕಂಪನಿ ಬಟ್ಟೆ ಸಿಕ್ಕಿಕೊಂಡಿತು. ಸರ್ ಹೇಳಿದರು ಕೈ ಹಾಕು. ಮಿಷನ್ ನಿಲ್ಲಿಸಲಿಲ್ಲ. ಪುಟ್ಟಿ ರೋಲರ್ ಒಳಗೆ ಹೋಯಿತು. ನಾನು ಎಳೆದೆ. ಪುಟ್ಟಿ ಬರಲಿಲ್ಲ.

ಹಾಳೆಯನ್ನು ಅಂಚಿಗೆ ಅಂಚು ಸೇರಿಸಿ ಮಡಚಿದಳು. ಮರುದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ತಾನೇ ಕಚೇರಿಯ ಕಿಟಕಿಯಲ್ಲಿ ಕೊಟ್ಟು ಬಂದಳು. ಟೀಚರಮ್ಮನಿಗೆ ಮತ್ತೆ ತೋರಿಸಲಿಲ್ಲ. ತೋರಿಸಿದರೆ ತಿದ್ದುತ್ತಾರೆ.

ತೀರ್ಮಾನ ಬಂದಾಗ ಸಂಘದ ಕೋಣೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಟೀಚರಮ್ಮ ಎದ್ದು ನಿಂತು ಇಂಗ್ಲಿಷಿನಲ್ಲಿ ಓದತೊಡಗಿದರು. ಮಡಿಕೆಯಕ್ಕನಿಗೆ ಎಲ್ಲ ತಿಳಿಯಲಿಲ್ಲ. ಆದರೆ ಓದಿನ ನಡುವೆ ಒಂದು ಮಾತು ಕಿವಿಗೆ ಬಿತ್ತು: ಪುಟ್ಟಿ. ಮತ್ತೆ: ಪುಟ್ಟಿ.

ಅವಳ ಮುಖ ಬೆಳಗಿತು. ಪಕ್ಕದವಳ ತೋಳು ಹಿಡಿದಳು. "ಕೇಳಿದ್ಯಾ? ಪುಟ್ಟಿ ಅಂದ್ರು. ಸಾಹೇಬ್ರು ಪುಟ್ಟಿ ಅಂತಾನೇ ಬರೆದವ್ರೆ."

ಟೀಚರಮ್ಮನ ದನಿ ನಿಂತುಹೋಯಿತು. ಹಾಳೆಯನ್ನು ಕಣ್ಣಿಗೆ ಹತ್ತಿರ ತಂದು ಮತ್ತೊಮ್ಮೆ ನೋಡಿದರು.

"ಯಾಕೆ ಮೇಡಂ? ಓದಿ," ಎಂದಳು ತಾಯಿ. "ಪುಟ್ಟಿ ಅಂದ್ರಲ್ಲ. ಆಮೇಲೆ?"

"ಅಕ್ಕ... ನೀವು ಹೆಸರನ್ನ ಸಣ್ಣಕ್ಷರದಲ್ಲಿ ಬರೆದ್ರಾ?"

"ಹೂಂ. ಯಾಕೆ?"

ಹೇಳಲೇಬೇಕಾಯಿತು. ಟೀಚರಮ್ಮ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದರು. ಸಾಕ್ಷಿಯ ಹೇಳಿಕೆಯ ಪ್ರಕಾರ, ಗೋಡೆಗೆ ಬಳಸುವ ಪುಟ್ಟಿ ಎಂಬ ಲೇಪ ಹೇಗೋ ರೋಲರಿನ ಒಳಗೆ ಸೇರಿತ್ತು. ಅದನ್ನು ತೆಗೆಯುವಂತೆ ಮೇಲ್ವಿಚಾರಕರು ಸಾಕ್ಷಿಗೆ ತಿಳಿಸಿದ್ದರು. ಸಾಕ್ಷಿ ಎಳೆದರೂ ಅದು ಬರಲಿಲ್ಲ. ಕೈ ಹಾಕುವಂತೆ ಮೃತಳಿಗೆ ಯಾರಾದರೂ ಹೇಳಿದ್ದರು ಎಂಬುದಕ್ಕೆ ಆಧಾರವಿಲ್ಲ. ಈ ಹೇಳಿಕೆಯಲ್ಲಿ ಮೃತಳ ಪ್ರಸ್ತಾಪವೇ ಎಲ್ಲಿಯೂ ಇಲ್ಲ.

ದೊಡ್ಡಕ್ಷರ ಇದ್ದಿದ್ದರೆ ಅದು ಹೆಸರು ಎಂದು ಕಣ್ಣು ತಡೆಯುತ್ತಿತ್ತು. ಇಲ್ಲದ್ದರಿಂದ ಅದು ವಸ್ತುವಾಯಿತು. ಟೈಪು ಮಾಡಿದವರು ಕಾಗುಣಿತದ ತಪ್ಪು ಎಂದುಕೊಂಡು ತಿದ್ದಿಯೂ ಇದ್ದರು; ಕೊನೆಯ 'ಐ' ತೆಗೆದು 'ವೈ' ಹಾಕಿದ್ದರು. ಚೆಂಡು ಹೋಯಿತು, ಹುಡುಗಿಯೂ ಹೋದಳು. ಹಾಸು ಒಗೆಯುವ ಕಾರ್ಖಾನೆಯ ರೋಲರಿನೊಳಗೆ ಗೋಡೆಯ ಪುಟ್ಟಿ ಎಲ್ಲಿಂದ ಬಂತು ಎಂದು ಆ ದೊಡ್ಡ ಕಚೇರಿಯಲ್ಲಿ ಒಬ್ಬರಿಗೂ ಕೇಳಬೇಕು ಅನ್ನಿಸಲಿಲ್ಲ. ಬಡವರು ಬರೆದದ್ದು ಅರ್ಥವಾಗದಿದ್ದರೆ, ಅದರಲ್ಲಿ ಅರ್ಥವೇ ಇರಲಿಲ್ಲ ಎಂದುಕೊಳ್ಳುವುದು ಓದಿದವರಿಗೆ ಅಭ್ಯಾಸ. ಅದೇ ಹಾಳೆಯಲ್ಲಿ ಕಂಪನಿ ಮಾತ್ರ ಬಂದಲ್ಲೆಲ್ಲ ದೊಡ್ಡಕ್ಷರದಲ್ಲೇ ಬಂದಿತ್ತು.

ಮೈಕಣ್ಣನ ಬಾಯಿ ಕಟ್ಟಿತ್ತು. ಅಂಥದ್ದನ್ನು ಆ ಕೋಣೆ ಹಿಂದೆ ಕಂಡಿರಲಿಲ್ಲ.

"ನಾನೇ ಅವಳನ್ನ ಅಳಿಸಿಬಿಟ್ನಾ?" ಎಂದಳು ತಾಯಿ. ಯಾರನ್ನು ಕೇಳಿದಳೋ.

ಎರಡು ದಿನ ಬಿಟ್ಟು ಗಂಡ ಮಧ್ಯಾಹ್ನವೇ ಮನೆಗೆ ಬಂದ. ಕೈಯಲ್ಲಿ ಲೇಪದ ಡಬ್ಬಿಯ ಮುಚ್ಚಳ. ಅವಳ ಮುಂದೆ ಹಿಡಿದ.

"ಇಷ್ಟು ವರ್ಷ ಇದನ್ನ ತೆಗ್ದು ತೆಗ್ದು ಬಿಸಾಕ್ತಿದ್ದೆ. ಏನು ಬರೆದಿದೆ ಅಂತ ನೋಡಿರ್ಲಿಲ್ಲ. ಓದು."

ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಕೊನೆಯ ಅಕ್ಷರಕ್ಕೆ ಬೆರಳು ನಿಂತಿತು.

"ಅದೇ ಹೆಸರು ರೀ. ಕೊನೇದೊಂದು ಬೇರೆ."

"ದೊಡ್ಡಕ್ಷರನಾ, ಸಣ್ಣಕ್ಷರನಾ?"

"ಎಲ್ಲಾ ದೊಡ್ಡಕ್ಷರ."

"ಡಬ್ಬಿಗೆ?"

"ಡಬ್ಬಿಗೆ."

ಅವನು ಮುಚ್ಚಳವನ್ನು ಬೋರಲು ಹಾಕಿ ನೆಲಕ್ಕೆ ಕೂತ. ಹೊರಗೆ ಯಾರೋ ಬೀದಿ ನಲ್ಲಿಯ ಕೆಳಗೆ ಕೊಡ ಇಟ್ಟರು. ಅದು ತುಂಬುವ ಸದ್ದು ಕೇಳುತ್ತ ಇಬ್ಬರೂ ಕೂತರು.

ಮೇಲಿನ ಕಚೇರಿಗೆ ಇನ್ನೊಂದು ಹೇಳಿಕೆ ಕೊಡಬಹುದು ಎಂದು ಮೈಕಣ್ಣ ತಿಳಿದುಕೊಂಡು ಬಂದ. "ಸುಳ್ಳು ಹೇಳಲ್ಲ ಅಕ್ಕ," ಎಂದ, ಮೊದಲ ಸಲ ಮೆಲ್ಲಗೆ. "ಮೊದಲು ಇಲ್ಲದೆ ಇದ್ದ ಮನುಷ್ಯರು ಈಗ ಎಲ್ಲಿಂದ ಬಂದ್ರು ಅಂತ ಅವ್ರ ವಕೀಲ ಕೇಳೇ ಕೇಳ್ತಾನೆ. ಆಸೆ ಕಡಿಮೆ. ಆದ್ರೆ ಬರೀದೆ ಬಿಟ್ರೆ ಕಾಗದದಲ್ಲಿ ಗೋಡೆಗೆ ಮೆತ್ತೋದೇ ಉಳ್ಕೊಳ್ಳುತ್ತೆ."

ಅವಳು ಮತ್ತೆ ಬೆಂಚಿನ ತುದಿಗೆ ಬಂದು ಕೂತಳು.

"ಈ ಸಲ ನೀವು ಹೇಳಿದ ಹಾಗೇ ಬರೀತೀನಿ ಮೇಡಂ. ಒಂದೇ ಒಂದು ಮಾತು. ಆ ಮೇಸ್ತ್ರಿಯನ್ನ ಸರ್ ಅನ್ನಲ್ಲ. 'ಅವನು' ಅಂತ ಬರೀತೀನಿ. ಸಣ್ಣಕ್ಷರದಲ್ಲಿ."

"ಬರೀರಿ, ಅವನು ಯಾರು ಅಂತ ಮೇಲ್ಗಡೆ ವಿವರದಲ್ಲಿ ಹಾಕೋಣ. ಆದ್ರೆ ವಾಕ್ಯದ ಮೊದಲಿಗೆ ಬಂದ್ರೆ ದೊಡ್ಡದೇ ಹಾಕ್ಬೇಕಾಗುತ್ತೆ. ನೋಡ್ಕೊಳ್ಳಿ, ಅವ್ರಿಗೆ ನೆಪ ಸಿಗಬಾರದು."

"ಹಾಗಾದ್ರೆ ವಾಕ್ಯದ ಮೊದಲಿಗೆ ಅವನು ಬರದ ಹಾಗೆ ಬರೆಯೋದು ಹೇಗೆ, ಅದನ್ನ ಹೇಳಿಕೊಡಿ."

ಟೀಚರಮ್ಮ ಅವಳನ್ನೇ ನೋಡಿದರು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಇಬ್ಬರೂ ಕೂತು ವಾಕ್ಯಗಳನ್ನು ಒಂದೊಂದಾಗಿ ಬಿಚ್ಚಿ ತಿರುವಿದರು. ಯಂತ್ರ ಓಡುತ್ತಿದ್ದಾಗ ಅವನು ಹೇಳಿದ. ಜಾಲರಿ ಬಿಚ್ಚಿಸಿದ್ದು ಅವನು. ನಿಲ್ಲಿಸಿ ಎಂದು ಕೇಳಿದಾಗ ಬೈದದ್ದು ಅವನು. ಹಾಳೆಯ ಉದ್ದಕ್ಕೂ ಅವನಿಗೆ ಎಲ್ಲಿಯೂ ತಲೆ ಎತ್ತಲು ಜಾಗ ಸಿಗಲಿಲ್ಲ. 'ನಾನು' ಬಂದಲ್ಲೆಲ್ಲ ಅವಳು ಒಣ ಕಂಬ ನೆಟ್ಟಳು. ನಾಚಿಕೆಯಾಗಲಿಲ್ಲ. ನೋಡಿದವಳು ನಾನು. ಕೇಳಿಸಿಕೊಂಡವಳು ನಾನು.

ಕೊನೆಗೆ ಹೆಸರಿನ ಜಾಗ ಬಂತು.

"ಹಾಜರಿಯಲ್ಲಿದ್ದ ಹೆಸರು," ಎಂದರು ಟೀಚರಮ್ಮ ಮೆತ್ತಗೆ. "ಪೂರ್ತಿ. ಮೊದಲಕ್ಷರ ದೊಡ್ಡದು."

ಆ ಹೆಸರನ್ನು ಅವಳು ಬರೆದೇ ಇರಲಿಲ್ಲ. ಬಾಯಿ ತುಂಬ ಕರೆದೂ ಇರಲಿಲ್ಲ. ಯಾರೋ ದೊಡ್ಡ ಮನುಷ್ಯರ ಹೆಸರಿನ ಹಾಗಿತ್ತು, ಬಾಗಿಲಲ್ಲಿ ಬಂದು ನಿಂತರೆ ಎದ್ದು ಕುರ್ಚಿ ಹಾಕಬೇಕಾದಂಥ ಹೆಸರು. ಅವಳು ಸೆರಗಿಗೆ ಕೈ ಒರೆಸಿಕೊಂಡಳು. ದೊಡ್ಡಕ್ಷರವನ್ನು ಗೆರೆಯಿಂದ ಗೆರೆಗೆ, ಎಲ್ಲಿಯೂ ನಡುಗದಂತೆ ಬರೆದಳು. ಮಿಕ್ಕ ಅಕ್ಷರಗಳನ್ನು ಅದರ ಹಿಂದೆ ಒಂದೊಂದಾಗಿ ನಿಲ್ಲಿಸಿದಳು.

ಬರೆದು ಮುಗಿಸಿ ಬಹಳ ಹೊತ್ತು ನೋಡಿದಳು. ಅಲ್ಲಿ ಪುಟ್ಟಿ ಇರಲಿಲ್ಲ. ಸತ್ತುಹೋದ ಯಾರೋ ಒಬ್ಬರು ಇದ್ದರು.

ಹಾಳೆಯನ್ನು ಅಂಚಿಗೆ ಅಂಚು ಸೇರಿಸಿ ಮಡಚಿದಳು. ಮಡಿಕೆಯ ಮೇಲೆ ಅಂಗೈ ಒತ್ತಿದಳು.

"ಹೋಗಿ ಬನ್ನಿ," ಎಂದಳು ಮಗಳಿಗೆ.